ಓಟದ ವೇಗ ಬೇರೆ, ಆಟದ ವೇಗ ಬೇರೆ

40 ಗಜದ ಓಟದಲ್ಲಿ ನಿಧಾನ ಇದ್ದರೆ ಆ ಲೈನ್‌ಬ್ಯಾಕರ್ (ರಕ್ಷಣೆಯ ಮುಂದಿನ ಸಾಲಿನ ಹಿಂದೆ ನಿಲ್ಲುವ ಆಟಗಾರ) ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ಗೆ ಆಗಲ್ಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪಲ್ಲ ಸರ್. 2012ರ ಕಂಬೈನ್ (ಲೀಗ್‌ಗೆ ಬರುವ ಹೊಸಬರ ದೈಹಿಕ ಪರೀಕ್ಷೆ) ನೋಡಿ. ಲೈನ್‌ಬ್ಯಾಕರ್ ವಾಂಟೇಜ್ ಬರ್ಫಿಕ್ಟ್ ಆ 40 ಗಜವನ್ನು 5.09 ಸೆಕೆಂಡಿನಲ್ಲಿ ನಿಧಾನವಾಗಿ ಓಡಿದ. ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವನನ್ನು ಆರಿಸಲಿಲ್ಲ. ಆದರೆ 2013ರ ಸೀಸನ್‌ನಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಪರ ಆಡಿ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವೋದು) ಮಾಡಿದ. (ಅವನ ಫೌಲ್‌ಗಳು ಬೇರೆ ವಿಷಯ, ಅದನ್ನು ನಾನು ಸಮರ್ಥಿಸಲ್ಲ.)

ಲೈನ್‌ಬ್ಯಾಕರ್ 40 ಗಜ ನೇರವಾಗಿ ಓಡೋದು ಅಪರೂಪ ಅಲ್ವಾ? ಸ್ನ್ಯಾಪ್ ಆದ ತಕ್ಷಣ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾದ ಕೂಡಲೇ, ಅವನ ಕಣ್ಣು ಎದುರಿನ ಗಾರ್ಡ್‌ನ (ಎದುರಾಳಿಯ ಮುಂದಿನ ಸಾಲಿನಲ್ಲಿ ತಡೆಯುವವನ) ಕಾಲ ಮೇಲಿರಬೇಕು. ಗಾರ್ಡ್ ಪಕ್ಕಕ್ಕೆ ಸರಿದರೆ ಚೆಂಡೂ ಬಹುಪಾಲು ಆ ಕಡೆಗೇ. ಆ ಸುಳಿವು ಹಿಡಿದವನು ಒಂದು ಹೆಜ್ಜೆ ಮೊದಲೇ ಹೊರಡುತ್ತಾನೆ. ಪ್ಲೇ-ಆಕ್ಷನ್‌ಗೆ (ಓಡುವಂತೆ ನಟಿಸಿ ಚೆಂಡು ಎಸೆಯೋ ತಂತ್ರ) ಮೋಸ ಹೋಗಿ ಎರಡು ಹೆಜ್ಜೆ ಮುಂದೆ ನುಗ್ಗಿದವನು ಎಷ್ಟೇ ಜೋರಾಗಿ ಓಡಲಿ, ಬೆನ್ನ ಹಿಂದೆ ಜಾರಿದ ಟೈಟ್ ಎಂಡ್ (ಎಸೆದ ಚೆಂಡು ಹಿಡಿಯೋ ಎದುರಾಳಿ) ಸಿಗಲ್ಲ. ಅದೇ ಕಂಬೈನ್‌ನಲ್ಲಿ ಇನ್ನೊಬ್ಬ ಲೈನ್‌ಬ್ಯಾಕರ್ ಲ್ಯೂಕ್ ಕೀಕ್ಲಿ 4.58 ಸೆಕೆಂಡಿನಲ್ಲಿ ಓಡಿದ, ನಿಜ. ಆದರೆ ಅವನು ಹೆಸರಾಗಿದ್ದು ಸ್ನ್ಯಾಪ್‌ಗೆ ಮೊದಲೇ ಎದುರಾಳಿಯ ಆಟ ಓದಿ ಕೂಗಿ ಹೇಳುತ್ತಿದ್ದುದಕ್ಕೆ.

ಆದರೂ ಮ್ಯಾನ್ ಕವರೇಜ್‌ನಲ್ಲಿ (ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯನ್ನು ಕಾಯುವಾಗ) ರನ್ನಿಂಗ್ ಬ್ಯಾಕ್‌ನನ್ನು, ಅಂದರೆ ಚೆಂಡು ಹಿಡಿದು ಓಡುವವನನ್ನು, ಬೆನ್ನಟ್ಟೋಕೆ ಕಾಲಿನ ವೇಗ ಬೇಕೇ ಬೇಕು. ಆದರೆ ಆ ವೇಗದ ಬಗ್ಗೆಯೂ 40 ಗಜಕ್ಕಿಂತ ಓಟದ ಮೊದಲ 10 ಗಜದ ಸಮಯ, ತ್ರೀ-ಕೋನ್ ಡ್ರಿಲ್ (ಮೂರು ಕೋನ್‌ಗಳ ಸುತ್ತ ತಿರುಗಿ ಓಡುವ ಪರೀಕ್ಷೆ) ಜಾಸ್ತಿ ಹೇಳುತ್ತವೆ. ಮುಂದಿನ ಲೇಖನದಲ್ಲಿ ದಯವಿಟ್ಟು ಅವನ್ನೂ ಕೊಡಿ.