ಸತ್ಯಾಂಶ: ಸ್ತ್ರೀವೇಷವೂ ಟೀವಿಯ ಸೀರೆ ಹಾಸ್ಯವೂ ಒಂದೇ ಅಲ್ಲ

‘ಯಕ್ಷಗಾನದ ಸ್ತ್ರೀವೇಷಕ್ಕೆ ಚಪ್ಪಾಳೆ ತಟ್ಟುವವರು ಟೀವಿಯಲ್ಲಿ ಮಂಗಳಮುಖಿಯರ ಕುರಿತ ಹಾಸ್ಯಕ್ಕೆ ಮೂಗು ಮುರಿಯುವುದೇಕೆ? ಎರಡೂ ನಮ್ಮ ಪರಂಪರೆಯೇ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಕೇಳಲು ಸರಿಯೆನಿಸುತ್ತದೆ, ಆದರೆ ಸರಿಯಲ್ಲ.

ದಮಯಂತಿಯ ವೇಷ ಕಟ್ಟಿದವರು ಗಂಡಸು ಎಂಬುದು ಪ್ರೇಕ್ಷಕರಿಗೆ ಮೊದಲೇ ಗೊತ್ತು. ಆದರೂ ಕಾಡಿನಲ್ಲಿ ಒಂಟಿಯಾದ ಅವಳ ಅಳಲಿಗೆ ಕಣ್ಣು ತೇವವಾಗುತ್ತದೆ. ಅಲ್ಲಿ ನಗಿಸುವುದಕ್ಕೆ ಹಾಸ್ಯಗಾರನೇ ಬೇರೆ ಇರುತ್ತಾನೆ. ಟೀವಿಯ ಸವಕಲು ದೃಶ್ಯ ನೆನಪಿಸಿಕೊಳ್ಳಿ: ಸೆರಗಿನಲ್ಲಿ ಮುಖ ಮುಚ್ಚಿದವಳ ಹಿಂದೆ ಒಬ್ಬ ಹಲ್ಲು ಕಿರಿದು ಹೋಗುತ್ತಾನೆ, ಆಕೆ ತಿರುಗಿ ಗಡಸು ದನಿಯಲ್ಲಿ ಮಾತಾಡಿ ಅಂಗೈ ತಟ್ಟುತ್ತಾಳೆ, ಅವನು ಓಟ ಕೀಳುತ್ತಾನೆ, ಹಿನ್ನೆಲೆಯಲ್ಲಿ ನಗೆಯ ಸದ್ದು. ಇಲ್ಲಿ ನಗೆ ಹುಟ್ಟುವುದು ನಟನೆಯಿಂದಲ್ಲ. ‘ಛೀ, ಇವಳು ಹೆಣ್ಣಲ್ಲ’ ಎಂಬ ಹೇಸಿಗೆಯಿಂದ. (ಬರೆದವರಿಗೆ ಬೇರೆ ಜೋಕು ಹೊಳೆಯಲಿಲ್ಲ ಎಂಬುದೂ ನಿಜ.)

ಇನ್ನೊಂದು ಗೊಂದಲ. ಸ್ತ್ರೀವೇಷ ಒಂದು ಪಾತ್ರ, ರಾತ್ರಿ ಕಳೆದರೆ ಬಣ್ಣ ಒರೆಸಬಹುದು. ಲಿಂಗತ್ವ ಅಸ್ಮಿತೆ ವೇಷವಲ್ಲ. ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು.

ಪರಂಪರೆಯೇ ಬೇಕೆಂದರೆ, ಯಲ್ಲಮ್ಮ ದೇವಿಯ ಸೇವೆಯಲ್ಲಿ ಮಂಗಳಮುಖಿಯರೇ ಕುಣಿಯುವ ಜೋಗತಿ ನೃತ್ಯವಿದೆ. ಆ ಕಲೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯುವ ಮುನ್ನ ಅವರು ಸೆರಗು ಹಿಡಿದು ರಾಷ್ಟ್ರಪತಿಯವರಿಗೆ ದೃಷ್ಟಿ ತೆಗೆದರು. ಸಭೆ ಚಪ್ಪಾಳೆ ತಟ್ಟಿತು.