ಲೋಗೋ ಎರಡು, ಮಾಲೀಕರು ಒಬ್ಬರೇ

ನಿನ್ನೆ ಸಂಜೆ ಮನೆಯಲ್ಲಿ ರಿಮೋಟ್ ಜಗಳ. ಒಂದು ಕಡೆ ನಮ್ಮ ಅತ್ತೆ, ಇನ್ನೊಂದು ಕಡೆ ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದಿರುವ ಅವರ ತಂಗಿ. ಅತ್ತೆಗೆ ಕಲರ್ಸ್ ಕನ್ನಡ ಬೇಕು, ಚಿಕ್ಕತ್ತೆಗೆ ಸ್ಟಾರ್ ಸುವರ್ಣ. ಎರಡು ಧಾರಾವಾಹಿಯೂ ಒಂದೇ ಹೊತ್ತಿಗೆ. "ನಿನ್ನ ಚಾನೆಲ್‌ನಲ್ಲಿ ಬರೀ ಅಳು ಕಣೇ." "ನಿನ್ನದರಲ್ಲೇನು ನಗು ಉಕ್ಕಿ ಹರೀತಿದೆಯಾ ಅಕ್ಕಾ?" ನಿನ್ನ ಚಾನೆಲ್ಲಂತೆ, ನನ್ನ ಚಾನೆಲ್ಲಂತೆ! ಇಬ್ಬರೂ ಷೇರು ತಗೊಂಡಿರುವ ಹಾಗೆ.

"ಅತ್ತೆ, ಎರಡೂ ಈಗ ಒಂದೇ ಕಂಪನಿಯದ್ದು, ಸುಮ್ನೆ ಯಾಕೆ ಜಗಳ" ಅಂದೆ. ಇಬ್ಬರೂ ತಿರುಗಿ ನನ್ನನ್ನು ನೋಡಿದರು. ಆಮೇಲೆ ಅತ್ತೆ, "ಯಾರದ್ದಾದ್ರೇನಮ್ಮಾ, ಧಾರಾವಾಹಿ ಬೇರೆ ಬೇರೆ ಅಲ್ವಾ?" ಅಂದರು. ಚಿಕ್ಕತ್ತೆ ಅದಕ್ಕೆ ಹೂಂಗುಟ್ಟಿದರು. ಅಷ್ಟು ಹೊತ್ತು ಕಿತ್ತಾಡಿದವರು ನನ್ನ ವಿರುದ್ಧ ಒಂದಾಗಿಬಿಟ್ಟರು!

ಯಾರದ್ದಾದ್ರೇನು. ರಾತ್ರಿಯಿಡೀ ಈ ಮಾತು ತಲೆಯಲ್ಲಿ ಕೊರೆಯುತ್ತಿದೆ. ಅತ್ತೆಯ ಮೇಲೆ ಸಿಟ್ಟಿಲ್ಲ. ಟಿವಿಯ ಬಗ್ಗೆ ದಿನವೂ ಉದ್ದುದ್ದ ಬರೆಯುವ ನನ್ನ ಸ್ನೇಹಿತರಲ್ಲೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಗೊತ್ತಿದ್ದವರಿಗೆ ಲೆಕ್ಕಕ್ಕಿಲ್ಲ. ನನ್ನ ಸಿಟ್ಟು ಅದರ ಮೇಲೆ.

2024ರ ನವೆಂಬರ್ 14ರಂದು ರಿಲಯನ್ಸ್ ಕೈಯಲ್ಲಿದ್ದ ವಯಾಕಾಮ್18, ಡಿಸ್ನಿಯ ಕೈಯಲ್ಲಿದ್ದ ಸ್ಟಾರ್ ಇಂಡಿಯಾ ಎರಡೂ ಸೇರಿ ಜಿಯೋಸ್ಟಾರ್ ಆದವು. ಅವರೇ ಹೇಳಿಕೊಂಡ ಬೆಲೆ ₹70,352 ಕೋಟಿ. ನೂರಕ್ಕೂ ಹೆಚ್ಚು ಚಾನೆಲ್. ಕಲರ್ಸ್ ಕನ್ನಡ ವಯಾಕಾಮ್ ಕಡೆಯಿಂದ ಬಂತು, ಸ್ಟಾರ್ ಸುವರ್ಣ ಸ್ಟಾರ್ ಕಡೆಯಿಂದ ಬಂತು. ನಿನ್ನೆಯವರೆಗೆ ಒಬ್ಬರ ಟಿಆರ್‌ಪಿ ನೋಡಿ ಇನ್ನೊಬ್ಬರು ಹೊಟ್ಟೆ ಉರಿದುಕೊಳ್ಳುತ್ತಿದ್ದ ಎರಡು ಚಾನೆಲ್ ಮಾರನೇ ದಿನ ಒಂದೇ ಸೂರಿನಡಿ. ಪರದೆಯ ಮೂಲೆಯ ಲೋಗೋ ಮಾತ್ರ ಇದ್ದ ಹಾಗೇ ಇದೆ. ನಮಗೆ ಹೇಗೆ ಗೊತ್ತಾಗಬೇಕು?

2015ರಲ್ಲಿ ಈಟಿವಿ ಕನ್ನಡ ಹೋಗಿ ಕಲರ್ಸ್ ಕನ್ನಡ ಆದಾಗ ಎಲ್ಲರಿಗೂ ಗೊತ್ತಾಗಿತ್ತು, ನೆನಪಿದೆಯಾ? ಹೆಸರು ಬದಲಾಗಿತ್ತಲ್ಲ. ಅತ್ತೆ ಎಷ್ಟೋ ತಿಂಗಳು "ಈಟಿವಿ ಹಾಕಮ್ಮಾ" ಅಂತಲೇ ಅನ್ನುತ್ತಿದ್ದರು. 2000ದ ಡಿಸೆಂಬರ್‌ನಲ್ಲಿ ಹೈದರಾಬಾದಿನ ರಾಮೋಜಿ ರಾವ್ ಅವರು ಶುರು ಮಾಡಿದ ಚಾನೆಲ್ ಅದು. ಕೈ ಬದಲಾಯಿತು, ಹೆಸರೂ ಬದಲಾಯಿತು, ಲೆಕ್ಕ ಸರಿಹೋಯಿತು. ಸುವರ್ಣದ ಕತೆ ನೋಡಿ. 2007ರಲ್ಲಿ ಏಷ್ಯಾನೆಟ್ ಗುಂಪಿನ ಚಾನೆಲ್ ಆಗಿ ಹುಟ್ಟಿತು. ಆಮೇಲೆ ವಿದೇಶಿ ಮಾಧ್ಯಮ ದೊರೆ ರೂಪರ್ಟ್ ಮರ್ಡೋಕ್ ಅವರ ಸ್ಟಾರ್‌ಗೆ ಹೋಯಿತು. 2019ರಲ್ಲಿ ಸ್ಟಾರ್ ಸಮೇತ ಡಿಸ್ನಿಗೆ ಹೋಯಿತು. ಈಗ ಜಿಯೋಸ್ಟಾರ್. ಹೊಸಿಲು ದಾಟುವ ಸೊಸೆ ಮಾತ್ರ ಎಲ್ಲ ಮಾಲೀಕರ ಕಾಲದಲ್ಲೂ ಅದೇ ಸೇರು ಒದೆಯುತ್ತಾ ಬಂದಳು. (ಸುವರ್ಣ ನ್ಯೂಸ್ ಅಂತ ಇದೆಯಲ್ಲ, ಅದು ಈ ಸ್ಟಾರ್ ಸುವರ್ಣದ ಮನೆಯದ್ದಲ್ಲ. ಹೆಸರು ಒಂದೇ, ಮಾಲೀಕರು ಬೇರೆ. ಹೆಸರು ಬೇರೆ ಇರುವ ಕಡೆ ಮಾಲೀಕರು ಒಬ್ಬರೇ. ನೋಡುವವರ ತಲೆ ಕೆಡಿಸೋಕೆ ಇದಕ್ಕಿಂತ ಚೆಂದದ ಏರ್ಪಾಡು ಬೇಕಾ?)

ಯಾರದ್ದಾದ್ರೇನು ಅನ್ನುವವರಿಗೆ ನನ್ನ ಹಳೇ ಹೊಟ್ಟೆಪಾಡಿನಿಂದ ಒಂದು ಮಾತು. ನಾನು ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದದ್ದು ನಿಮಗೆಲ್ಲ ಗೊತ್ತೇ ಇದೆ. ಗುರುವಾರ ಬಂತೆಂದರೆ ಯಾವ ಚಾನೆಲ್ ಎಷ್ಟು ಜನ ನೋಡಿದರು ಅಂತ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯ ಟಿಆರ್‌ಪಿ ಬರುವ ದಿನ. ಬೆಳಗ್ಗೆಯಿಂದ ಯಾರ ಬಾಯಲ್ಲೂ ಮಾತಿಲ್ಲ. ನಂಬರ್ ಬಿದ್ದರೆ ಮಧ್ಯಾಹ್ನದೊಳಗೆ ಕತೆಯಲ್ಲಿ ಯಾರಿಗಾದರೂ ಆಕ್ಸಿಡೆಂಟ್ ಆಗಲೇಬೇಕು. ಆ ಕಾಲದಲ್ಲಿ ನಾನೂ ನನ್ನ ಗೆಳತಿಯೂ ಸೇರಿ ಒಂದು ಕತೆ ಮಾಡಿದ್ದೆವು. ನಾಯಕಿ ಬಸ್ ಕಂಡಕ್ಟರ್. ಒಂದು ಚಾನೆಲ್‌ಗೆ ಹೋಗಿ ಒನ್‌ಲೈನ್, ಅಂದರೆ ಕತೆಯ ತಿರುಳು, ಹೇಳಿದೆವು. ಕೇಳಿದವರು, "ಚೆನ್ನಾಗಿದೆ ಮೇಡಂ, ಆದರೆ ದಿನಾ ಖಾಕಿ ಹಾಕಿಕೊಂಡು ಬಂದರೆ ನಮ್ಮ ಆಡಿಯನ್ಸ್‌ಗೆ ಸೆಟ್ ಆಗಲ್ಲ, ಬೊಟಿಕ್ ಇಟ್ಟುಕೊಂಡಿದ್ದಾಳೆ ಅಂತ ಮಾಡಿ" ಅಂದರು. ಟಿಕೆಟ್ ಹರಿದು ಕೊಡುವ ಹುಡುಗಿ ಬೊಟಿಕ್ ಇಟ್ಟರೆ ಕತೆಯಲ್ಲಿ ಉಳಿಯುವುದೇನು? ಫೈಲ್ ಎತ್ತಿಕೊಂಡು ಎದುರಾಳಿ ಚಾನೆಲ್‌ಗೆ ಹೋದೆವು. ಅಲ್ಲಿದ್ದವರು ಮೊದಲು ಕೇಳಿದ್ದೇ, "ಅವರಿಗೆ ತೋರಿಸಿದ್ರಾ?" ಅಂತ. ಹೌದು, ಬೇಡ ಅಂದರು ಅಂದೆ. "ಹಾಗಾದ್ರೆ ಕೂತ್ಕೊಳ್ಳಿ" ಅಂದರು! ಅವರು ಬೇಡ ಅಂದದ್ದನ್ನು ಇವರು ಹಟಕ್ಕೆ ಬಿದ್ದು ಕೇಳಿದರು, ಕಂಡಕ್ಟರಮ್ಮನನ್ನು ಕಂಡಕ್ಟರಾಗಿಯೇ ಇರಲು ಬಿಟ್ಟರು. ಕೊನೆಗೆ ಆ ಕತೆ ಪೈಲಟ್‌ನಲ್ಲೇ, ಅಂದರೆ ಮಾದರಿ ಕಂತಿನಲ್ಲೇ, ನಿಂತುಹೋಯಿತು. ಅದು ಬೇರೆ ನೋವು, ಇವತ್ತು ಬೇಡ.

ಆ "ಹಾಗಾದ್ರೆ ಕೂತ್ಕೊಳ್ಳಿ" ಇದೆಯಲ್ಲ, ಅದು ಹುಟ್ಟುವುದು ಮಾಲೀಕರು ಬೇರೆ ಬೇರೆ ಇದ್ದಾಗ. ಕನ್ನಡದಲ್ಲಿ ದೊಡ್ಡ ಮನರಂಜನಾ ಚಾನೆಲ್ ಅಂದರೆ ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ. ನಾಲ್ಕು. ಮಾಲೀಕರನ್ನು ಎಣಿಸಿ: ಸನ್, ಜೀ, ಜಿಯೋಸ್ಟಾರ್. ಮೂರು. ಬರೆಯುವವರಿಗೆ, ಕ್ಯಾಮೆರಾದವರಿಗೆ, ಎಡಿಟ್ ಮಾಡುವವರಿಗೆ, ಸೀರೆ ಇಸ್ತ್ರಿ ಮಾಡುವ ಕಾಸ್ಟ್ಯೂಮ್ ಹುಡುಗನಿಗೆ ಒಂದು ಬಾಗಿಲು ಕಡಿಮೆ. ಸಂಬಳದ ಮಾತಾಡುವಾಗ "ಆ ಕಡೆ ಜಾಸ್ತಿ ಕೊಡ್ತಾರೆ ಸರ್" ಅನ್ನಲು ಆ ಕಡೆ ಅನ್ನುವುದು ಒಂದಿರಬೇಕು ಅಲ್ವಾ?

ಬಿಗ್ ಬಾಸ್ ತಗೊಳ್ಳಿ. 2013ರಲ್ಲಿ ಮೊದಲ ಸೀಸನ್ ಈಟಿವಿ ಕನ್ನಡದಲ್ಲಿ ಬಂತು. 2014ರಲ್ಲಿ ಎರಡನೇ ಸೀಸನ್ ಸುವರ್ಣಕ್ಕೆ ಹಾರಿತು. 2015ರಲ್ಲಿ ಮತ್ತೆ ವಾಪಸ್, ಅಷ್ಟರಲ್ಲಿ ಕಲರ್ಸ್ ಕನ್ನಡ ಆಗಿದ್ದ ಅದೇ ಹಳೇ ಚಾನೆಲ್‌ಗೆ. ಸುದೀಪ್ ಮೂರೂ ಕಡೆ ಅವರೇ. ನನಗೆ ಆ ಶೋ ಹಿಡಿಸಲ್ಲ, ಆದರೆ ಆ ಎಳೆದಾಟ ಹಿಡಿಸಿತ್ತು. ಒಬ್ಬರ ಕೈಯಿಂದ ಇನ್ನೊಬ್ಬರು ಕಿತ್ತುಕೊಳ್ಳುವುದರಲ್ಲಿ ದುಡ್ಡು ಓಡಾಡುತ್ತದೆ, ಕೆಲಸ ಹುಟ್ಟುತ್ತದೆ. ಈಗ ಎಡಗೈಯಿಂದ ಬಲಗೈಗೆ ಕಿತ್ತುಕೊಳ್ಳಬೇಕು.

ಕ್ರಿಕೆಟ್‌ನಲ್ಲೂ ಇದೇ. 2022ರ ಐಪಿಎಲ್ ಹರಾಜಿನಲ್ಲಿ ಟಿವಿ ಹಕ್ಕಿಗೆ ಡಿಸ್ನಿ ಸ್ಟಾರ್ ₹23,575 ಕೋಟಿ ಸುರಿಯಿತು, ಡಿಜಿಟಲ್‌ಗೆ ವಯಾಕಾಮ್18 ₹23,758 ಕೋಟಿ ಸುರಿಯಿತು. 2023ರಲ್ಲಿ ವಯಾಕಾಮ್18ನವರು ತಮ್ಮ ಜಿಯೋಸಿನಿಮಾ ಆಪ್‌ನಲ್ಲಿ ಇಡೀ ಐಪಿಎಲ್ ಬಿಟ್ಟಿ ತೋರಿಸಿದರು. ಯಾಕೆ? ಎದುರಿಗೆ ಒಬ್ಬ ಎದುರಾಳಿ ಇದ್ದ. ಎದುರಾಳಿ ಮನೆಯವನೇ ಆದಮೇಲೆ, 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ, ಡಿಸ್ನಿಯ ಹಾಟ್‌ಸ್ಟಾರ್ ಎರಡೂ ಆಪ್ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು, ಐಪಿಎಲ್ ಪೂರ್ತಿ ನೋಡಲು ದುಡ್ಡು ಕೇಳಲು ಶುರು ಮಾಡಿದರು. ನಾನೇನು ದೊಡ್ಡ ಸಾಚಾ ಅಲ್ಲ. ಬೈಯುತ್ತಲೇ ದುಡ್ಡು ಕಟ್ಟಿದ್ದೇನೆ. ಮುಂದಿನ ಸಲವೂ ಕಟ್ಟುತ್ತೇನೆ, ಆರ್‌ಸಿಬಿ ಮ್ಯಾಚ್ ಬಿಡೋಕಾಗುತ್ತಾ?

ಬಾಯಿ ಬಿಟ್ಟಿದ್ದೀನಲ್ಲ, ಇನ್ನೊಂದೂ ಹೇಳಿಬಿಡುತ್ತೇನೆ. ನಾಳೆ ಇದೇ ಚಾನೆಲ್‌ನಿಂದ ಫೋನ್ ಬಂದು "ಮೇಡಂ, ಸಂಭಾಷಣೆ ಬರೀತೀರಾ" ಅಂದರೆ ಹೋಗುತ್ತೇನೆ. ಈ ಪೋಸ್ಟ್ ಡಿಲೀಟ್ ಮಾಡಿ ಅಂದರೆ ಮಾತ್ರ ಎರಡು ದಿನ ಯೋಚನೆ ಮಾಡುತ್ತೇನೆ.

ಈಗ ಬುದ್ಧಿವಂತರ ವಾದಕ್ಕೆ ಬರೋಣ. "ದೊಡ್ಡ ಕಂಪನಿ ಬಂದಿದ್ದಕ್ಕೇ ಕನ್ನಡ ಧಾರಾವಾಹಿ ಈ ಮಟ್ಟಕ್ಕೆ ಬಂದದ್ದು, ಇಲ್ಲದಿದ್ದರೆ ಇನ್ನೂ ಒಂದೇ ಹಾಲ್, ಒಂದೇ ಸೋಫಾ" ಅನ್ನುತ್ತಾರೆ. ಒಪ್ಪಿದೆ. ದುಡ್ಡು ಬಂತು, ಡ್ರೋನ್ ಶಾಟ್ ಬಂತು, ಕಲಾವಿದರ ಕೈಗೆ ನಾಲ್ಕು ಕಾಸು ಬಂತು. ಆದರೆ ಆ ದುಡ್ಡು ಬಂದದ್ದು ನಾಲ್ಕು ಜನ ದೊಡ್ಡವರು ಪೈಪೋಟಿಗೆ ನಿಂತಾಗ. ನಾಲ್ವರು ಮೂವರಾದರೆ ಇನ್ನೂ ಜಾಸ್ತಿ ಸುರಿಯುತ್ತಾರೆ ಅನ್ನುವುದು ಯಾವ ಊರಿನ ಗಣಿತ? "ಎರಡೂ ಚಾನೆಲ್‌ಗೆ ಬೇರೆ ಬೇರೆ ತಂಡ ಇದೆಯಲ್ಲ" ಅನ್ನುತ್ತಾರೆ. ಇರಲಿ. ಒಂದೇ ಜೇಬಿನಿಂದ ಸಂಬಳ ತಗೊಳ್ಳುವ ಎರಡು ತಂಡಗಳು ಹಟಕ್ಕೆ ಬಿದ್ದು ಖರ್ಚು ಮಾಡಿದರೆ ಮೇಲಿನವರು ಎಷ್ಟು ದಿನ ಸುಮ್ಮನಿರುತ್ತಾರೆ?

ಇನ್ನು ಕೆಲವರು, "ಮಾಲೀಕರು ಕನ್ನಡಿಗರಾದರೆ ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ಅಯ್ಯೋ. ಉದಯ 1994ರಲ್ಲಿ ಬಂತು, ಚೆನ್ನೈಯ ಸನ್‌ನವರದ್ದು. ಈಟಿವಿ ಹೈದರಾಬಾದಿನದ್ದು, 2006ರಲ್ಲಿ ಬಂದ ಜೀ ಕನ್ನಡ ಮುಂಬೈಯದ್ದು. ನಮ್ಮವರೂ ಬಂದರಲ್ಲ. ಕಸ್ತೂರಿ ಬಂತು, ಕುಮಾರಸ್ವಾಮಿಯವರ ಮನೆಯವರದ್ದು. ನಮ್ಮ ಊರಿನ ಮಾಲೀಕರು ಅನ್ನುವುದಕ್ಕೇ ಚಾನೆಲ್ ಗೆಲ್ಲಲ್ಲ ಅಂತ ಅದನ್ನು ನೋಡಿದರೆ ಗೊತ್ತಾಗುತ್ತದೆ. ನನಗೆ ಮಾಲೀಕರ ಊರು ಮುಖ್ಯ ಅಲ್ಲ, ತಲೆ ಎಣಿಕೆ ಮುಖ್ಯ.

ಇದನ್ನೆಲ್ಲ ನೋಡಬೇಕಾದವರು ಕಂಪನಿಗಳ ನಡುವೆ ಪೈಪೋಟಿ ಉಳಿಯುವಂತೆ ಕಾಯುವ ಭಾರತದ ಸ್ಪರ್ಧಾ ಆಯೋಗದವರು. ಕನ್ನಡಕ್ಕೆ ಡಬ್ಬಿಂಗ್ ತಡೆದರು ಅಂತ ಇದೇ ಆಯೋಗ 2015ರಲ್ಲಿ ನಮ್ಮ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತ್ತು. ನೋಡುವವರ ಆಯ್ಕೆ ಕಿತ್ತುಕೊಳ್ಳಬಾರದು ಅನ್ನುವುದು ಸರಿಯಾದ ಮಾತೇ, ಆಗ ನಾನೂ ಚಪ್ಪಾಳೆ ತಟ್ಟಿದ್ದೆ. 2024ರ ಆಗಸ್ಟ್ 28ರಂದು ಈ ವಿಲೀನಕ್ಕೆ ಒಪ್ಪಿಗೆ ಕೊಟ್ಟವರೂ ಅವರೇ. ಕೆಲವು ಷರತ್ತು ಇದ್ದವು. ಕ್ರಿಕೆಟ್ ಜಾಹೀರಾತಿನ ಜಾಗವನ್ನು ಗಂಟು ಕಟ್ಟಿ ಮಾರಬಾರದು, ರೇಟು ಮನಸ್ಸಿಗೆ ಬಂದ ಹಾಗೆ ಏರಿಸಬಾರದು ಅಂತೆಲ್ಲ. ಜಾಹೀರಾತು ಕೊಡುವ ಸೋಪಿನ ಕಂಪನಿಗೆ ರಕ್ಷಣೆ ಸಿಕ್ಕಿತು, ಬಹಳ ಸಂತೋಷ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಮಾತ್ರ ಒಂದೇ ಮನೆಯಲ್ಲಿ ಉಳಿದವು.

ರಿಮೋಟ್ ನಮ್ಮ ಕೈಯಲ್ಲಿದೆ, ಬೇಡವಾದರೆ ಬದಲಾಯಿಸು ಅನ್ನುವವರಿಗೆ 2023ರ ಫೆಬ್ರವರಿ ನೆನಪಿರಲಿ. ಪ್ಯಾಕ್‌ನಲ್ಲಿ ಸೇರಿಸಬಹುದಾದ ಚಾನೆಲ್‌ನ ದರದ ಮಿತಿ ಮತ್ತೆ ₹19 ಆಗಿತ್ತು. ಹೊಸ ರೇಟಿಗೆ ಸಹಿ ಹಾಕದ ಕೆಲವು ದೊಡ್ಡ ಕೇಬಲ್ ಸಂಸ್ಥೆಗಳಿಗೆ ಸ್ಟಾರ್, ಜೀ, ಸೋನಿಯವರು ಸಿಗ್ನಲ್ ಕಟ್ ಮಾಡಿದರು. ಎಷ್ಟೋ ಮನೆಯಲ್ಲಿ ಕೆಲವು ದಿನ ಆ ಚಾನೆಲ್‌ಗಳು ಬರಲೇ ಇಲ್ಲ. ಆಗ ಸ್ಟಾರ್ ಬೇರೆ ಮನೆ, ಕಲರ್ಸ್ ಬೇರೆ ಮನೆ. ಮುಂದಿನ ಸಲ ಅಂಥ ಜಗಳ ಆದರೆ ಒಂದೇ ಸ್ವಿಚ್‌ಗೆ ಎರಡೂ ಕತ್ತಲು. ಅತ್ತೆಯ ಧಾರಾವಾಹಿಯೂ ಹೋಯಿತು, ಚಿಕ್ಕತ್ತೆಯದೂ ಹೋಯಿತು. ಆಗ ಕೇಳಬೇಕು, ಯಾರದ್ದಾದ್ರೇನು ಅಂತ.

"ಈಗ ಯಾರು ಮಾರಾಯ್ತಿ ಟಿವಿ ನೋಡ್ತಾರೆ, ಎಲ್ಲ ಮೊಬೈಲ್‌ನಲ್ಲಿ" ಅಂತ ಕಾಮೆಂಟ್ ಹಾಕಲು ಬೆರಳು ಎತ್ತಿದವರು ಸ್ವಲ್ಪ ನಿಲ್ಲಿ. ಮೊಬೈಲ್‌ನಲ್ಲಿ ಈ ಧಾರಾವಾಹಿಗಳು ಎಲ್ಲಿ ಸಿಗುತ್ತವೆ? ಜಿಯೋಹಾಟ್‌ಸ್ಟಾರ್, ಜೀ5, ಸನ್ ನೆಕ್ಸ್ಟ್. ಎಣಿಸಿ. ಅದೇ ಮೂರು.

ನಾನು ಕೇಳುತ್ತಿರುವುದು ತೀರಾ ಸಣ್ಣದು. ಚಾನೆಲ್ ಬದಲಿಸಿದಾಗ ಕೆಳಗೆ ಒಂದು ಪಟ್ಟಿ ಬರುತ್ತದಲ್ಲ, ಚಾನೆಲ್ ನಂಬರ್, ಹೆಸರು, ಈಗ ಯಾವ ಕಾರ್ಯಕ್ರಮ ಅಂತ? ಅದರ ಪಕ್ಕದಲ್ಲೇ ಮಾಲೀಕ ಕಂಪನಿಯ ಹೆಸರು ಹಾಕಿ. ಪ್ಯಾಕ್ ಆರಿಸುವ ಪಟ್ಟಿಯಲ್ಲೂ ಹಾಕಿ. ಸಿಗರೇಟಿನ ಜಾಹೀರಾತು ಇಲ್ಲದಿದ್ದರೂ ಹೀರೋ ಸಿಗರೇಟ್ ಹಚ್ಚಿದ ಕೂಡಲೇ ಕೆಳಗೆ ಎಚ್ಚರಿಕೆ ಹಾಕುವವರಿಗೆ ಇದೊಂದು ಸಾಲು ಭಾರವಾ? ಚಾನೆಲ್ ದರಕ್ಕೆ ನಿಯಮ ಮಾಡುವ ಟ್ರಾಯ್‌ನವರು ಮನಸ್ಸು ಮಾಡಲಿ.

ಚಾನೆಲ್‌ಗಳಲ್ಲಿ ಕೆಲಸ ಮಾಡುವ ಗೆಳೆಯರೇ, ನೀವು ಇದಕ್ಕೆ ಲೈಕ್ ಒತ್ತಬೇಡಿ. ಮೊದಲೇ ಹೇಳಿದೆನಲ್ಲ, ಹೋಗೋಕೆ ಬಾಗಿಲು ಕಡಿಮೆ ಇವೆ. ಏನಿದ್ದರೂ ಇನ್‌ಬಾಕ್ಸಿಗೆ ಬನ್ನಿ.