ಸತ್ಯಾಂಶ: ಜೇನು ಸಾಯುವುದು ಮೊಬೈಲ್ ಟವರ್‌ನಿಂದಲೇ?

"ಟವರ್ ಬಂತು, ಜೇನು ಹೋಯ್ತು" ಎಂಬ ವಾಟ್ಸ್‌ಆ್ಯಪ್ ಸಂದೇಶ ಮತ್ತೆ ಸುತ್ತುತ್ತಿದೆ. ಲೆಕ್ಕ ಕೂಡುವುದಿಲ್ಲ. ಕರ್ನಾಟಕ, ಕೇರಳದ ತುಡುವೆ (ನಾಡ ಪೆಟ್ಟಿಗೆ ಜೇನು) ಕುಟುಂಬಗಳು ಸಾಲುಸಾಲಾಗಿ ನಾಶವಾದದ್ದು 1991-92ರಲ್ಲಿ, ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್‌ನಿಂದ. ಭಾರತಕ್ಕೆ ಮೊಬೈಲ್ ಸೇವೆ ಬಂದದ್ದೇ 1995ರಲ್ಲಿ!

ಟವರ್ ಬಿಡಿ, ಜೇನುಪೆಟ್ಟಿಗೆ ನೋಡಿ. ಬಾಗಿಲ ಮುಂದೆ ಒಮ್ಮೆಲೇ ರಾಶಿ ಜೇನುನೊಣಗಳ ಹೆಣ, ನಾಲಿಗೆ ಹೊರಚಾಚಿದ್ದರೆ ಕೀಟನಾಶಕದ ಶಂಕೆ. ಸಿಂಪಡಿಸಲೇಬೇಕಿದ್ದರೆ ಸಂಜೆ, ನೊಣ ಗೂಡು ಸೇರಿದ ಮೇಲೆ. ಕೀಟನಾಶಕ ಇಮಿಡಾಕ್ಲೋಪ್ರಿಡ್‌ಗೆ ಅದೂ ಸಾಲದು. ಗಿಡದೊಳಗೆ ಹರಿದು ಮಕರಂದಕ್ಕೂ ಸೇರುತ್ತದೆ.

ಮೆಲ್ಲಿಫೆರಾ (ಯುರೋಪಿನ ಸಾಕು ಜೇನು) ನೊಣ ರೆಕ್ಕೆ ಮುದುರಿ ತೆವಳುತ್ತಿದ್ದರೆ ಜೇನಿನ ಮೈಗಂಟುವ ಪರಾವಲಂಬಿ ವರೋವಾ ನುಸಿಯನ್ನು ಹುಡುಕಿ. ಮರಿಯಿರುವ ಎರಿಯಿಂದ ಅರ್ಧ ಕಪ್, ಸುಮಾರು 300 ನೊಣ (ರಾಣಿ ಬಿಟ್ಟು!) ಜಾಲರಿ ಮುಚ್ಚಳದ ಬಾಟಲಿಗೆ ಹಾಕಿ, 2 ದೊಡ್ಡ ಚಮಚ ಸಕ್ಕರೆ ಪುಡಿಯಲ್ಲಿ ಉರುಳಿಸಿ, ಎರಡು ನಿಮಿಷದ ನಂತರ ಬಿಳಿ ತಟ್ಟೆಗೆ ಕೊಡವಿ. 9 ಅಥವಾ ಹೆಚ್ಚು ನುಸಿ ಬಿದ್ದರೆ ಚಿಕಿತ್ಸೆ ತಡಮಾಡಬೇಡಿ.